ಮೈಕ್ ಸೆಟ್ಟಿನ ಪ್ಲೇಟು, ಮಗಳ ಹಾಡು

ಗೌರಿ ಹಬ್ಬ ಮುಗೀತು. ರಾಗಿಗೆ ಎರಡನೇ ಸಲ ಕುಂಟೆ ಹೊಡೆದಾಯ್ತು, ಕಳೆ ಕೀಳೋರು ನಾಳೆ ಬರ್ತಾರೆ. ತೆಂಗಿನ ಕಪ್ಪುತಲೆ ಹುಳದ ಬಗ್ಗೆ ಬರೀತೀನಿ ಅಂತ ಹೋದ ವಾರ ಹೇಳಿದ್ದೆ. ಅದು ಮುಂದಿನ ವಾರಕ್ಕೆ ಇರಲಿ. ಇವತ್ತು ಒಂದು ಪ್ಲೇಟಿನ ವಿಷಯ ಬರೀಬೇಕು. ಊಟದ ತಟ್ಟೆ ಅಲ್ಲ, ಗ್ರಾಮಾಫೋನ್ ಪ್ಲೇಟು.

ನಮ್ಮ ವಯಸ್ಸಿನೋರಿಗೆ ಮೈಕ್ ಸೆಟ್ಟು ನೆನಪಿರುತ್ತೆ. ಮದುವೆ ಮನೆ ಅಂದ್ರೆ ಹಿಂದಿನ ದಿನವೇ ಮೈಕ್ ಸೆಟ್ಟಿನೋನು ಬಂದು ತೆಂಗಿನ ಮರಕ್ಕೆ ಹಾರನ್ ಕಟ್ಟೋನು. ಒಂದು ಟ್ರಂಕಿನ ತುಂಬಾ ಪ್ಲೇಟು ಇರೋವು. ಮೊದಲು ದೇವರ ಹಾಡು, ಆಮೇಲೆ ರಾಜ್‌ಕುಮಾರ್ ಹಾಡು. ಹುಡುಗರು ನಾವು ಅವನ ಪಕ್ಕದಲ್ಲೇ ಕೂತಿರ್ತಿದ್ವಿ. ಪ್ಲೇಟು ಮುಟ್ಟೋಕೆ ಬಿಡ್ತಿರಲಿಲ್ಲ. ಚೆನ್ನಾಗಿ ಕೆಲಸ ಮಾಡಿಕೊಟ್ಟೋರಿಗೆ ಮಾತ್ರ ಅಂಚು ಹಿಡಿದು ಒರೆಸೋಕೆ ಕೊಡೋನು. ಮುಳ್ಳು ಇಡೋ ಕೆಲಸ ಮಾತ್ರ ಯಾರಿಗೂ ಕೊಟ್ಟೋನಲ್ಲ. ಕ್ಯಾಸೆಟ್ ಬಂದ ಮೇಲೆ ಆ ಟ್ರಂಕು ಎಲ್ಲಿ ಹೋಯ್ತೋ ಏನೋ.

ಈ ಕತೇನ ನನ್ನ ಮಗಳಿಗೆ ಎಷ್ಟು ಸಲ ಹೇಳಿದೀನೋ ಲೆಕ್ಕ ಇಲ್ಲ. ಅವಳು ಬೆಂಗಳೂರಲ್ಲಿ ಕೆಲಸದಲ್ಲಿದಾಳೆ. ಈ ಸಲ ಹಬ್ಬಕ್ಕೆ ಬಂದಾಗ ಬಟ್ಟೆ ಬ್ಯಾಗಿನ ಜೊತೆ ಸೂಟ್‌ಕೇಸಿನ ಥರ ಒಂದು ಪೆಟ್ಟಿಗೆ ತಂದಿದ್ಲು. ಬಿಚ್ಚಿ ನೋಡಿದ್ರೆ ಪ್ಲೇಟು ಹಾಕೋ ಮಿಷನ್ನು. ಜೊತೆಗೆ ಒಂದು ಹೊಸ ಪ್ಲೇಟು. ಬೆಲೆ ಚೀಟಿ ಮೊದಲೇ ಕಿತ್ತಿದ್ಲು, ನಾನು ಬೈತೀನಿ ಅಂತ.

"ಮುಳ್ಳು ನೀನೇ ಇಡಪ್ಪ" ಅಂದ್ಲು.

ಐವತ್ತಮೂರು ವರ್ಷಕ್ಕೆ ಮೊದಲನೇ ಸಲ ಮುಳ್ಳು ಇಟ್ಟೆ. ಕೈ ನಡುಗ್ತು, ಸುಳ್ಳು ಹೇಳಲ್ಲ.

ಪ್ಲೇಟು ಅಮೆರಿಕದ ಟ್ರೇಸಿ ಚಾಪ್‌ಮನ್ ಅನ್ನೋ ಹಾಡುಗಾರ್ತಿಯದು. ಅವರ ಮೊಟ್ಟಮೊದಲ ಪ್ಲೇಟು, ಹೆಸರೂ ಅವರದೇ ಹೆಸರು. 1988ರ ಏಪ್ರಿಲ್ 5ಕ್ಕೆ ಮೊದಲು ಬಂದದ್ದು. ಅದನ್ನೇ ಈಗ ಮತ್ತೆ ಹೊಸದಾಗಿ ಅಚ್ಚು ಹಾಕಿ 2025ರ ಏಪ್ರಿಲ್ 4ಕ್ಕೆ ಅಂಗಡಿಗೆ ಬಿಟ್ಟಿದಾರೆ. ಮೂವತ್ತೈದನೇ ವರ್ಷದ ನೆನಪಿನ ಪ್ಲೇಟು ಅಂತ ಹೆಸರು, ಲೆಕ್ಕ ಹಾಕಿದ್ರೆ ಮೂವತ್ತೇಳು ಆಗುತ್ತೆ. ನಮ್ಮೂರಿನ ಜಾತ್ರೆ ಲೆಕ್ಕದ ಹಾಗೆ ಅಂತ ನಕ್ಕೆ. ಹೊದಿಕೆ ಮೇಲೆ ಕಂದು ಬಣ್ಣದ ಚಿತ್ರ. ಒಬ್ಬ ಹೆಣ್ಣುಮಗಳು ಮುಖ ತಗ್ಗಿಸಿಕೊಂಡಿದಾಳೆ, ನಮ್ಮ ಕಡೆ ನೋಡಲ್ಲ. ಪ್ಲೇಟಿನ ತೂಕ 180 ಗ್ರಾಂ, ಹೆಚ್ಚುಕಮ್ಮಿ ಒಂದು ದಪ್ಪ ಕೊಬ್ಬರಿ ಗಿಟುಕಿನಷ್ಟು. ಸಾಮಾನ್ಯ ಪ್ಲೇಟಿಗಿಂತ ದಪ್ಪ, ಕೈಯಲ್ಲಿ ಹಿಡಿದ್ರೆ ಗೊತ್ತಾಗುತ್ತೆ.

ಫೋನಲ್ಲಿ ಬಿಟ್ಟಿ ಸಿಗೋ ಹಾಡಿಗೆ ಇಷ್ಟೆಲ್ಲ ಯಾಕೆ ಅಂತ ಕೇಳ್ದೆ. ಮಗಳು ಹೇಳಿದ್ಲು, ಚಾಪ್‌ಮನ್ ಅವರೂ ಫೋನಲ್ಲಿ ಹಾಡು ಕೇಳಲ್ವಂತೆ, ಕೊಂಡೇ ಕೇಳ್ತಾರಂತೆ. ಕೈಗೆ ಸಿಗೋ ಪ್ಲೇಟೋ ಸಿ.ಡಿ.ಯೋ ಕೊಂಡರೆ ಹಾಡಿದೋರಿಗೆ ದುಡ್ಡು ಸೇರುತ್ತೆ ಅನ್ನೋದು ಅವರ ಮಾತು. ರೈತನಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಪ್ಲೇಟು ಹೇಗೆ ಮಾಡ್ತಾರೆ ಅಂತಾನೂ ಓದಿದೆ. ಮೂಲ ಟೇಪಿನ ಧ್ವನಿ ಹಾಕಿ, ಅದು ಅಲುಗಿದ ಹಾಗೇ ಒಂದು ಮೆತ್ತನೆ ತಟ್ಟೆ ಮೇಲೆ ಸಣ್ಣ ಸಾಲು ಕೊರೀತಾರೆ. ಅದರ ಮೇಲೆ ಲೋಹ ಕೂರಿಸಿ ಅಚ್ಚು ತೆಗೀತಾರೆ. ಆ ಅಚ್ಚನ್ನ ಬಿಸಿ ಮಾಡಿದ ಪಿ.ವಿ.ಸಿ. ಮೇಲೆ ಒತ್ತುತಾರೆ. ಹೌದು, ನಮ್ಮ ತೋಟದ ಪೈಪಿಗೆ ಬಳಸೋ ಅದೇ ಪಿ.ವಿ.ಸಿ. ಜಾತಿ. ಸಾಲು ಹೊರಗಿನ ಅಂಚಲ್ಲಿ ಶುರುವಾಗಿ ಸುತ್ತಿಕೊಂಡು ಒಳಕ್ಕೆ ಬರುತ್ತೆ, ಹೊಲದ ಸುತ್ತ ಉಳುಮೆ ಶುರು ಮಾಡಿ ನಡುವಿಗೆ ಬಂದ ಹಾಗೆ. ಒಂದು ಮಗ್ಗುಲಿಗೆ ಒಂದೇ ಸಾಲು, ಎಲ್ಲೂ ಕಡಿಯಲ್ಲ.

ಈ ಚಾಪ್‌ಮನ್ 1964ರಲ್ಲಿ ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ಊರಲ್ಲಿ ಹುಟ್ಟಿದ್ದು. ಕರಿಯರ ಮನೆ, ಬಡತನ, ತಾಯಿ ಒಬ್ಬರೇ ಸಾಕಿದ್ದು. ಅಂಥದ್ರಲ್ಲೂ ಆ ತಾಯಿ ಮಗು ಕೈಗೆ ಒಂದು ಪುಟ್ಟ ತಂತಿ ವಾದ್ಯ ತಂದುಕೊಟ್ಟಿದ್ದರಂತೆ. ಎಂಟು ವರ್ಷಕ್ಕೆ ಹುಡುಗಿ ಗಿಟಾರ್ ಹಿಡಿದ್ಲು. ಬಡ ಮಕ್ಕಳಿಗೆ ಒಳ್ಳೆ ಶಾಲೆ ಸೇರಿಸೋ ಒಂದು ಯೋಜನೆಯಲ್ಲಿ ಸ್ಕಾಲರ್‌ಶಿಪ್ ಸಿಕ್ತು. ಅಲ್ಲಿಂದ ಬಾಸ್ಟನ್ ಹತ್ತಿರದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಓದು. ಓದ್ತಾ ಇರುವಾಗಲೇ ಹಾರ್ವರ್ಡ್ ಸ್ಕ್ವೇರ್ ಅನ್ನೋ ಕಡೆ ರಸ್ತೇಲಿ ನಿಂತು ಹಾಡಿ ಚಿಲ್ಲರೆ ದುಡಿಯೋದು. ಜೊತೆಗೆ ಓದೋ ಹುಡುಗನೊಬ್ಬ ಇವಳ ಹಾಡಿನ ಟೇಪನ್ನ ಹಾಡಿನ ವ್ಯವಹಾರದಲ್ಲಿದ್ದ ತನ್ನ ಅಪ್ಪನಿಗೆ ಕೊಟ್ಟ. ಹಾಗೆ ಕಂಪನಿ ಬಾಗಿಲು ತೆರೀತು. ಅಲ್ಲಿ ಫೋಕ್ ಅಂದ್ರೆ ನಮ್ಮ ಹಾಗೆ ಅಜ್ಜಿ ಮುತ್ತಜ್ಜಿ ಕಾಲದ ಹಾಡೇ ಆಗಬೇಕಿಲ್ಲ. ತಾನೇ ಕಟ್ಟಿ, ಒಂದು ಗಿಟಾರ್ ಹಿಡಿದು ಜನರ ಕಷ್ಟಸುಖ ಹಾಡಿದರೂ ಫೋಕ್ ಅಂತಾರೆ.

ಆ ವರ್ಷ ಜೂನ್ 11ಕ್ಕೆ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ನೆಲ್ಸನ್ ಮಂಡೇಲಾ ಅವರ ಎಪ್ಪತ್ತನೇ ಹುಟ್ಟುಹಬ್ಬದ ಸಭೆ ನಡೀತು. ಮಂಡೇಲಾ ಇನ್ನೂ ಜೈಲಲ್ಲೇ ಇದ್ರು. ದೊಡ್ಡ ದೊಡ್ಡ ಹಾಡುಗಾರರ ನಡುವೆ ಈ ಹುಡುಗಿಗೆ ಹಗಲು ಸ್ವಲ್ಪ ಹೊತ್ತು ಕೊಟ್ಟಿದ್ರು, ಹಾಡಿ ಮುಗಿಸಿದ್ಲು. ಸಂಜೆ ಸ್ಟೀವಿ ವಂಡರ್ ಹಾಡಬೇಕು. ಅವರ ವಾದ್ಯಕ್ಕೆ ಬೇಕಾದ ಹಾರ್ಡ್ ಡಿಸ್ಕ್ ಕಳೆದುಹೋಗಿದೆ ಅಂತ ಹೊರಡೋ ಹೊತ್ತಲ್ಲಿ ಗೊತ್ತಾಯ್ತು, ಅವರು ಹಿಂದಕ್ಕೆ ಹೋಗಿಬಿಟ್ರು. ಮೈದಾನದ ತುಂಬ ಜನ, ಹೊರಗೆ ಅರವತ್ತಕ್ಕೂ ಹೆಚ್ಚು ದೇಶದಲ್ಲಿ ಟಿ.ವಿ. ನೋಡ್ತಿದಾರೆ. ಸಿದ್ಧತೆ ಏನೂ ಬೇಡ, ಒಂದು ಗಿಟಾರ್ ಸಾಕು ಅನ್ನೋರು ಇವಳೊಬ್ಬಳೇ. ಮತ್ತೆ ಕಳಿಸಿದ್ರು. ಆಗ ಹಾಡಿದ ಒಂದು ಹಾಡು 'ಫಾಸ್ಟ್ ಕಾರ್'. ಆಮೇಲೆ ಆ ಪ್ಲೇಟು ಇಂಗ್ಲೆಂಡಲ್ಲೂ ಅಮೆರಿಕದಲ್ಲೂ ಮೊದಲನೇ ಸ್ಥಾನಕ್ಕೆ ಹೋಯ್ತು, ಒಂದು ಕೋಟಿಗೂ ಮೀರಿ ಮಾರಾಟ ಆಯ್ತು. ಮಾರನೇ ವರ್ಷ ಮೂರು ಗ್ರ್ಯಾಮಿ ಬಹುಮಾನ.

ಇನ್ನೊಂದು ವಿಷಯ ನನಗೆ ಆಶ್ಚರ್ಯ ಆಗಿದ್ದು. ಅದೇ 1988ರ ಸೆಪ್ಟೆಂಬರ್ 30ಕ್ಕೆ ಚಾಪ್‌ಮನ್ ನಮ್ಮ ದೆಹಲಿಗೂ ಬಂದು ಹಾಡಿದ್ರು. ಮಾನವ ಹಕ್ಕುಗಳ ಘೋಷಣೆಗೆ ನಲವತ್ತು ವರ್ಷ ಆಯ್ತು ಅಂತ ಆಮ್ನೆಸ್ಟಿ ಸಂಸ್ಥೆಯೋರು ಊರೂರು ಸುತ್ತಿದ ಸಂಗೀತ ತಂಡದ ಜೊತೆ, ಜವಾಹರಲಾಲ್ ನೆಹರೂ ಮೈದಾನದಲ್ಲಿ. ಆ ದಿನ ನಾನು ಏನು ಮಾಡ್ತಿದ್ದೆ ಅಂತ ನೆನಪಿಲ್ಲ. ಎತ್ತಿನ ಹಿಂದೆ ಇದ್ದೆ ಅನ್ನೋದು ಮಾತ್ರ ಗೊತ್ತು.

ಯಾಕಂದ್ರೆ ಅದೇ ವರ್ಷ ನಾನು ಎಸ್ಸೆಸ್ಸೆಲ್ಸಿ ಪಾಸಾದೆ. ಪಿಯುಸಿ ಅರ್ಜಿ ತಂದಿಟ್ಟಿದ್ದೆ. ಅಪ್ಪ ಎಳನೀರು ಇಳಿಸೋಕೆ ಹತ್ತಿ ಮರದಿಂದ ಬಿದ್ರು, ಸೊಂಟ ಹೋಯ್ತು. ಅಲ್ಲಿಗೆ ಓದು ನಿಂತಿತು. ಈ ಪುಟ ಓದೋರಿಗೆ ಈ ಕತೆ ಗೊತ್ತು, ನಾನೇ ನಾಲ್ಕಾರು ಸಲ ಬರೆದಿದೀನಿ.

ಈಗ ಹಾಡಿಗೆ ಬರ್ತೀನಿ. ಮೊದಲ ಮಗ್ಗುಲಲ್ಲಿ ಐದು ಹಾಡು, ಎರಡನೇದು 'ಫಾಸ್ಟ್ ಕಾರ್'. ನನ್ನ ಇಂಗ್ಲಿಷು ಗೊಬ್ಬರದ ಚೀಲದ ಮೇಲೆ ಓದೋವಷ್ಟು. ಮಗಳು ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದ್ಲು. ಒಬ್ಬ ಹುಡುಗಿ. ಅವಳ ಅಪ್ಪ ಕುಡಿದು ಕುಡಿದು ಕೆಲಸಕ್ಕೆ ಬಾರದೋನು ಆಗಿದಾನೆ. ಅಮ್ಮ ಬಿಟ್ಟುಹೋಗಿದಾಳೆ. ಅಪ್ಪನ್ನ ಯಾರಾದ್ರೂ ನೋಡ್ಕೋಬೇಕಲ್ಲ ಅಂತ ಹುಡುಗಿ ಸ್ಕೂಲು ಬಿಡ್ತಾಳೆ. ಅಂಗಡೀಲಿ ದುಡಿದು ನಾಲ್ಕು ಕಾಸು ಕೂಡಿಡ್ತಾಳೆ. ಒಬ್ಬ ಹುಡುಗನ ಹತ್ರ ಜೋರಾಗಿ ಓಡೋ ಕಾರಿದೆ. ಅವನ ಜೊತೆ ಪಟ್ಟಣಕ್ಕೆ ಹೋಗ್ತಾಳೆ. ಅಲ್ಲಿ ಇವಳಿಗೆ ಕೆಲಸ ಸಿಗುತ್ತೆ, ಮಕ್ಕಳಾಗ್ತವೆ, ಮನೆ ಖರ್ಚೆಲ್ಲ ಇವಳದೇ. ಅವನು ಮಾತ್ರ ಹೊತ್ತುಗೊತ್ತಿಲ್ಲದೆ ಕುಡೀತಾ ಗೆಳೆಯರ ಜೊತೆ ಇರ್ತಾನೆ. ಬಿಟ್ಟುಬಂದ ಮನೇನೇ ಮತ್ತೆ ಎದುರಿಗೆ ಬಂದು ಕೂತಿದೆ. ಕೊನೇಲಿ ಇವಳೇ ಹೇಳ್ತಾಳೆ, ನಿನ್ನ ಕಾರು ತಗೊಂಡು ನೀನು ಹೋಗು ಅಂತ.

ಇದು ಅವರ ಸ್ವಂತ ಕತೆ ಅಲ್ಲ, ನನ್ನ ಹತ್ರ ಅಂಥ ಕಾರೇ ಇರಲಿಲ್ಲ ಅಂತ ಚಾಪ್‌ಮನ್ ಹೇಳಿದಾರಂತೆ. ಹಾಡು ಕೇಳೋವಾಗ ಗಮನಿಸಿ, ಗಿಟಾರಿನ ಒಂದೇ ತುಂಡು ಮೊದಲಿಂದ ಕೊನೇವರೆಗೂ ತಿರುಗ್ತಾ ಇರುತ್ತೆ, ಗಾಣದ ಎತ್ತಿನ ಥರ. ಡ್ರಮ್ಮು ಜೋರಾಗಿ ಬರೋದು ಅವಳು ಆ ಕಾರಲ್ಲಿ ಕೂತು ಹೋದ ರಾತ್ರಿ ನೆನೆಸಿಕೊಳ್ಳೋ ಕಡೆ. ನೆನಪು ಮುಗಿದ ಮೇಲೆ ಮತ್ತೆ ಅದೇ ಗಿಟಾರು.

2023ರಲ್ಲಿ ಲ್ಯೂಕ್ ಕೂಂಬ್ಸ್ ಅನ್ನೋ ಬಿಳಿಯ ಹಾಡುಗಾರ ಇದನ್ನೇ ಮತ್ತೆ ಹಾಡಿದ. ಚಿಕ್ಕೋನಿದ್ದಾಗ ಅಪ್ಪನ ಗಾಡೀಲಿ ಕೇಳಿದ್ದ ಹಾಡಂತೆ. ಗಂಡಸು ಹಾಡಿದರೂ ಹುಡುಗಿ ಅನ್ನೋ ಮಾತನ್ನ ಬದಲಾಯಿಸಲಿಲ್ಲ. ಹಾಡು ಕಟ್ಟಿದೋರು ಚಾಪ್‌ಮನ್ ಆದ್ದರಿಂದ ಹೆಸರೂ ದುಡ್ಡೂ ಅವರಿಗೇ ಬಂತು. ಅಲ್ಲಿನ ಕಂಟ್ರಿ ಸಂಗೀತದೋರು ಕೊಡೋ ವರ್ಷದ ಹಾಡಿನ ಬಹುಮಾನ ಆವರೆಗೆ ಒಬ್ಬ ಕರಿಯರಿಗೂ ಬಂದಿರಲಿಲ್ಲ, ಹಾಡು ಹುಟ್ಟಿ ಮೂವತ್ತೈದು ವರ್ಷಕ್ಕೆ ಇವರಿಗೆ ಬಂತು. 2024ರ ಫೆಬ್ರವರಿಲಿ ಗ್ರ್ಯಾಮಿ ವೇದಿಕೆ ಮೇಲೆ ಇಬ್ಬರೂ ಒಟ್ಟಿಗೆ ಹಾಡಿದ್ರು. ನಾವು ಬೆಳೆದದ್ದು ಎಷ್ಟು ಕೈ ದಾಟಿದರೂ ಬೆಳೆದೋನ ಹೆಸರು ಅದರ ಮೇಲೆ ಉಳಿಯೋ ಹಾಗಿದ್ರೆ ಹೇಗಿರ್ತಿತ್ತು ಅಂತ ಅನ್ನಿಸ್ತು.

ಸರಿ, ಹಾಡು ಮುಗೀತು. ನಾನು ಕಣ್ಣು ಒರೆಸಿಕೊಂಡು ಅಂದೆ, "ಇದು ನನ್ನ ಕತೆನೇ ಕಣವ್ವ. ಅಪ್ಪನ್ನ ನೋಡ್ಕೋಬೇಕು ಅಂತ ಸ್ಕೂಲು ಬಿಟ್ಟಿದ್ದು ನಾನೇ ಅಲ್ವಾ?"

ಮಗಳು ಏನೂ ಅನ್ನಲಿಲ್ಲ. ಪ್ಲೇಟು ಓಡ್ತಾ ಇತ್ತು. ನಾಲ್ಕನೇ ಹಾಡಿಗೆ ವಾದ್ಯವೇ ಇಲ್ಲ, ಬರೀ ಗಂಟಲು. ಅಡಿಗೆಮನೆಯಿಂದ ನನ್ನ ಹೆಂಡತಿ ಕೈ ಒರೆಸಿಕೊಳ್ತಾ ಬಂದು ನಿಂತ್ಲು. "ಯಾರಿಗೇನಾಯ್ತು? ಬೀಸೋ ಕಲ್ಲಿನ ಮುಂದೆ ಕೂತು ಹಾಡಿದಂಗಿದೆ" ಅಂದ್ಲು. ಪಕ್ಕದ ಮನೇಲಿ ಗಂಡ ಹೆಂಡತೀನ ಹೊಡೆಯೋ ಸದ್ದು ಗೋಡೆಯಾಚೆಯಿಂದ ಕೇಳೋ ಹಾಡು ಅದು, ಪೊಲೀಸರು ಬಂದರೂ ಉಪಯೋಗ ಇಲ್ಲ ಅನ್ನೋದು. ಒಂದು ಅಕ್ಷರ ತಿಳೀದೆ ಅವಳಿಗೆ ಅದು ಕಷ್ಟದ ಹಾಡು ಅಂತ ಗೊತ್ತಾಯ್ತು.

ಮಾರನೇ ದಿನ ಬೆಳಿಗ್ಗೆ ಕೊಟ್ಟಿಗೇಲಿ ಹಾಲು ಕರೀತಿದ್ದೆ. ಮಗಳು ಬಂದು ಗೊಂತಿನ ಪಕ್ಕ ನಿಂತ್ಲು.

"ಅಪ್ಪಾ, ಆ ಹಾಡನ್ನ ನಾನು ಮೊದಲು ಕೇಳಿದ್ದೆಲ್ಲಿ ಗೊತ್ತಾ?"

"ಕಾಲೇಜಲ್ಲಿ?"

"ಇಲ್ಲೇ. ಈ ಕೊಟ್ಟಿಗೇಲಿ. ಹಾಸ್ಟೆಲ್ ಗೆಳತಿ ಕಳಿಸಿದ್ಲು. ಹಾಲು ಕರೀವಾಗ ದಿನಾ ಕೇಳ್ತಿದ್ದೆ."

ಅದು 2015. ಅವಳು ಬಿ.ಎಸ್ಸಿ. ಎರಡನೇ ವರ್ಷ. ಅವರಮ್ಮನಿಗೆ ಆಪರೇಷನ್ ಆಗಿತ್ತು, ಭಾರ ಎತ್ತಬಾರದು ಅಂದಿದ್ರು. ಎರಡು ಸೀಮೆ ಹಸು, ತೋಟ, ಅಡಿಗೆ. ನಾನು ಹಾಸ್ಟೆಲಿಗೆ ಫೋನ್ ಮಾಡಿ ಹದಿನೈದು ದಿನ ಬಂದುಹೋಗವ್ವ ಅಂದೆ. ಆ ಹದಿನೈದು ದಿನ ಒಂದೂವರೆ ವರ್ಷ ಆಯ್ತು. ಪರೀಕ್ಷೆ ಹೋಯ್ತು, ಹಾಸ್ಟೆಲ್ ಸೀಟು ಹೋಯ್ತು. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಹಾಲು ಕರೀತಿದ್ಲು. ಸಿನಿಮಾ ಹಾಡು ಕೇಳ್ತಾಳೆ, ಖುಷಿಯಾಗಿದಾಳೆ ಅಂದ್ಕೊಂಡಿದ್ದೆ. ಡೇರಿ ಹತ್ರ ಎಲ್ಲರಿಗೂ ಹೇಳ್ತಿದ್ದೆ, ನನ್ನ ಮಗಳು ನನ್ನಂಗೇ, ಮನೆ ಅಂದ್ರೆ ಎಲ್ಲಾ ಬಿಟ್ಟು ಬರ್ತಾಳೆ ಅಂತ. ನಿಮ್ಮಲ್ಲಿ ಕೆಲವರು ಕೇಳಿಸ್ಕೊಂಡೂ ಇರ್ತೀರ.

ಅದೇ ಹೊತ್ತಲ್ಲಿ ಅವಳ ತಮ್ಮ ತುಮಕೂರಲ್ಲಿ ಡಿಪ್ಲೊಮಾ ಓದ್ತಿದ್ದ. ಹತ್ತಿರವೇ ಇದ್ದ. ಅವನಿಗೆ ನಾನು ಫೋನ್ ಮಾಡಲಿಲ್ಲ. ಮಾಡಬೇಕು ಅಂತ ತಲೆಗೇ ಬರಲಿಲ್ಲ.

"ತಮ್ಮನ್ನ ಯಾಕೆ ಕರೀಲಿಲ್ಲ ಅಂತ ನಾನು ಯಾವತ್ತೂ ಕೇಳಲಿಲ್ಲ" ಅಂದ್ಲು ಮಗಳು. "ಇವತ್ತೂ ಜಗಳಕ್ಕೆ ಕೇಳ್ತಿಲ್ಲ. ಆ ಹಾಡು ನಿನ್ನ ಕತೆ ಅಂದ್ಯಲ್ಲ, ಅದಕ್ಕೆ ಹೇಳ್ದೆ. ನನಗೆ ಅದು ನನ್ನ ಕತೆ ಥರ ಕೇಳಿಸ್ತಿತ್ತು."

ಹಾಲಿನ ಕ್ಯಾನು ತಗೊಂಡು ಡೇರಿಗೆ ಹೋದ್ಲು, ಆಗ ಹೋಗ್ತಿದ್ದ ಹಾಗೇ.

ನಾನು ಕೊಟ್ಟಿಗೇಲೇ ಕೂತೆ. ನಾನು ಕುಡಿಯೋನಲ್ಲ. ಹೊಡೆದೋನಲ್ಲ. ಮಗಳನ್ನ ಓದಿಸಿದೆ ಅಂತ ಹೆಮ್ಮೆ ಪಟ್ಟೋನು. ಆದ್ರೆ ಹಾಡಲ್ಲಿ ನಾನು ನನಗೆ ಅಂತ ಹುಡುಕಿಕೊಂಡ ಜಾಗ ಹುಡುಗಿಯದು. ಅಪ್ಪನ ಜಾಗದಲ್ಲಿ ನನ್ನನ್ನ ಇಟ್ಟು ನೋಡೇ ಇರಲಿಲ್ಲ. ಆ ಹಾಡಲ್ಲಿ ಅಪ್ಪನಿಗೆ ಒಂದು ಮಾತೂ ಇಲ್ಲ. ಒಳಗೆಲ್ಲೋ ಬಿದ್ದುಕೊಂಡಿದಾನೆ, ಮಗಳು ಓದು ಬಿಟ್ಟಳು ಅನ್ನೋದು ಅವನಿಗೆ ಗೊತ್ತಿತ್ತೋ ಇಲ್ವೋ ತಿಳಿಯಲ್ಲ. ನನಗೆ ಗೊತ್ತಿತ್ತು. ಹಾಗಾಗಿ ಅವನಿಗಿಂತ ನನ್ನದು ದೊಡ್ಡ ತಪ್ಪು. 1988ರಲ್ಲಿ ನನ್ನನ್ನ ಯಾರೂ ಓದ್ತೀಯಾ ಬಿಡ್ತೀಯಾ ಅಂತ ಕೇಳಲಿಲ್ಲ, ಆ ನೋವು ಇವತ್ತಿಗೂ ಹೇಳ್ಕೊಂಡು ತಿರುಗ್ತೀನಿ. ನಾನೂ ಅವಳನ್ನ ಕೇಳಲಿಲ್ಲ.

ಅವಳನ್ನ ವಾಪಸ್ ಕಳಿಸಿದ್ದು ಅವರಮ್ಮ. ನಾನು ಅನ್ನೋ ಹಾಗೆ ಬರೆದ್ರೆ ಅದೂ ಸುಳ್ಳಾಗುತ್ತೆ. ಒಂದಿನ ಬೆಳಿಗ್ಗೆ ಒಂದು ಹಸು ಮಾರೋಕೆ ದಲ್ಲಾಳೀನ ಅವಳೇ ಕರೆಸಿದ್ಲು, ಬಂದ ದುಡ್ಡು ಮಗಳ ಕೈಗೆ ಕೊಟ್ಟು ಫೀಸು ಕಟ್ಟು ಹೋಗು ಅಂದ್ಲು. ನಾನು ಎರಡು ದಿನ ಮಾತು ಬಿಟ್ಟಿದ್ದೆ. ಹಸು ಮಾರಿದ್ಲು ಅಂತ.

ಭಾನುವಾರ ಮಗಳು ರೈಲು ಹತ್ತಿದ್ಲು. ಮಿಷನ್ನು, ಪ್ಲೇಟು ಇಲ್ಲೇ ಬಿಟ್ಟುಹೋದ್ಲು. ಸ್ಟೇಷನ್ನಲ್ಲಿ ಏನಾದ್ರೂ ಹೇಳಬೇಕು ಅಂತ ಬಾಯಿವರೆಗೂ ಬಂತು. "ನೀರು ಬಾಟ್ಲಿ ತಗೊಂಡ್ಯಾ?" ಅಂದೆ ಅಷ್ಟೆ.

ರಾತ್ರಿ ಒಬ್ಬನೇ ಮೊದಲ ಮಗ್ಗುಲು ಹಾಕಿದೆ. ಅದರ ಕೊನೇ ಹಾಡು ಏನು ಅಂತ ಮಗಳು ಮೊದಲೇ ಹೇಳಿದ್ಲು. ಜೊತೇಲಿ ಬದುಕಿದೋರ ನಡುವೆ ಹೇಳಬೇಕಾದ ಮಾತು ವರ್ಷಗಟ್ಟಲೆ ಬಾಯಿಗೆ ಬರದೇ ಹೋಗೋದರ ಮೇಲಿನ ಹಾಡು ಅದು, ತಪ್ಪಾಯ್ತು ಅನ್ನೋ ಮಾತೂ ಸೇರಿ. ಗಂಡು ಹೆಣ್ಣಿನ ಹಾಡೇ ಇರಬಹುದು, ನನಗೆ ಸ್ಟೇಷನ್ನೇ ಕಣ್ಣ ಮುಂದೆ ಬಂತು. ಹಾಡು ಮುಗಿದ ಮೇಲೆ ಮುಳ್ಳು ನಡುವಿಗೆ ಬಂದು ಟಿಕ್ ಟಿಕ್ ಅಂತ ಸುತ್ತುತ್ತೆ. ತಾನಾಗೇ ನಿಲ್ಲಲ್ಲ. ಎದ್ದು ಹೋಗಿ ಎತ್ತಬೇಕು.

ಅದಕ್ಕೇ ಇಲ್ಲಿ ಬರೀತಿದೀನಿ. ಮಗಳು ಈ ಪುಟ ಓದ್ತಾಳೆ, ತಪ್ಪು ಕಾಗುಣಿತ ಇದ್ರೆ ಫೋನ್ ಮಾಡಿ ತಿದ್ದಿಸ್ತಾಳೆ. ಅವ್ವಾ, 2015ರಲ್ಲಿ ನಿನ್ನನ್ನ ಕೇಳದೆ ಕರೆಸಿದ್ದು ತಪ್ಪು. ನಿನ್ನ ತಮ್ಮನ್ನ ಕರೀದೆ ನಿನ್ನನ್ನೇ ಕರೆದದ್ದು ಅದಕ್ಕಿಂತ ತಪ್ಪು. ನೀನು ಖುಷಿಯಿಂದ ಬಂದೆ ಅಂತ ಊರಿಗೆಲ್ಲ ಹೇಳಿದ್ದು ಸುಳ್ಳು. ಊರಿಗೆ ಹೇಳಿದ್ದನ್ನ ಊರ ಮುಂದೇನೇ ತಿದ್ದಬೇಕು, ಅದಕ್ಕೆ ಇಲ್ಲಿ. ಈ ವಾರ ಫೋನಲ್ಲೂ ಹೇಳ್ತೀನಿ.

ನೀವು ಓದೋರಿಗೆ ಬುದ್ಧಿ ಹೇಳೋಷ್ಟು ದೊಡ್ಡೋನಲ್ಲ ನಾನು. ಒಂದೇ ಮಾತು. ಕಳೆ ಕೀಳೋಕೆ ಆಳು ಸಿಗಲ್ಲ, ಮನೇಲಿ ಹುಷಾರಿಲ್ಲ ಅಂದಾಗ ನಾವು ಯಾರಿಗೆ ಮೊದಲು ಫೋನ್ ಮಾಡ್ತೀವಿ ಅಂತ ಒಂದು ಸಲ ನೋಡಿಕೊಳ್ಳಿ.

ಕಪ್ಪುತಲೆ ಹುಳದ ವಿಷಯ ಮುಂದಿನ ವಾರ ಖಂಡಿತ, ಗರಿಯ ಫೋಟೋ ತೆಗೆದಿಟ್ಟಿದೀನಿ. ಪ್ಲೇಟು ಕೇಳಬೇಕು ಅನ್ನೋರು ಸಂಜೆ ಮೇಲೆ ಮನೆಗೆ ಬನ್ನಿ, ಕರೆಂಟು ಇದ್ರೆ ಹಾಕೋಣ. ಮುಳ್ಳು ಮಾತ್ರ ನಾನೇ ಇಡೋದು.